ಆರ್ಕಿಮಿಡೀಸನನ್ನು ಎರಡು ಬಾರಿ ಸಂಪಾದಿಸಿದ ಹೈಬರ್ಗ್

ಗ್ರೀಕರ ಗಣಿತ ಮತ್ತು ಖಗೋಳ ಗ್ರಂಥಗಳ ಇಂದಿನ ಅನುವಾದಗಳು ಬಹುಮಟ್ಟಿಗೆ ಒಬ್ಬ ಡೇನಿಷ್ ವಿದ್ವಾಂಸರು ನಿರ್ಣಯಿಸಿದ ಮೂಲಪಾಠವನ್ನು ಆಧರಿಸಿವೆ. ಅವರು ಯೊಹಾನ್ ಲುಡ್ವಿಗ್ ಹೈಬರ್ಗ್. ಗ್ರಂಥಸಂಪಾದನೆಯೆಂದರೆ ಏನೆಂದು ನಾನು ಅರಿತದ್ದು ಬಹುಪಾಲು ಅವರ ಬದುಕಿನಿಂದಲೇ.

1854ರಲ್ಲಿ ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ ಜನಿಸಿದ ಹೈಬರ್ಗ್, 1879ರಲ್ಲಿ ಆರ್ಕಿಮಿಡೀಸನನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. 1880-81ರಲ್ಲಿ ಆತನ ಸಮಗ್ರ ಕೃತಿಗಳನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಬಳಿಕ ಯೂಕ್ಲಿಡ್, ಅಪೊಲೋನಿಯಸ್ ಮತ್ತು ಟಾಲೆಮಿಯರ ಗ್ರಂಥಗಳನ್ನೂ, ಅರಿಸ್ಟಾಟಲನ ಆಕಾಶವಿಚಾರಕ್ಕೆ ಸಿಂಪ್ಲೀಸಿಯಸ್ ಬರೆದ ವ್ಯಾಖ್ಯಾನವನ್ನೂ ಸಂಪಾದಿಸಿದರು. 1896ರಿಂದ 1924ರವರೆಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಆರ್ಕಿಮಿಡೀಸನ ಕೆಲಸ ಮುಗಿದು ಕಾಲು ಶತಮಾನವಾಗಿತ್ತು. ಆಗ ಕಾನ್‌ಸ್ಟಾಂಟಿನೋಪಲ್‌ನ ಗ್ರಂಥಭಂಡಾರವೊಂದರಲ್ಲಿದ್ದ ಪ್ರಾರ್ಥನಾ ಪುಸ್ತಕದ ಸುದ್ದಿ ಅವರನ್ನು ತಲುಪಿತು. ಹದಿಮೂರನೆಯ ಶತಮಾನದ ಲಿಪಿಕಾರನೊಬ್ಬ ಹಳೆಯ ಚರ್ಮಪತ್ರಗಳ ಬರಹವನ್ನು ಅಳಿಸಿ, ಅವುಗಳ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದನು. ಅಡಿಯಲ್ಲಿ ಮಸುಕಾಗಿ ಗಣಿತದ ಸಾಲುಗಳಿದ್ದವು. ಗ್ರಂಥಸೂಚಿಯಲ್ಲಿ ಮುದ್ರಿತವಾಗಿದ್ದ ಕೆಲವೇ ಸಾಲುಗಳಿಂದ ಅವು ಆರ್ಕಿಮಿಡೀಸನವೆಂದು ಗುರುತಿಸಿದ ಹೈಬರ್ಗ್ 1906ರಲ್ಲಿ ಅಲ್ಲಿಗೆ ತೆರಳಿದರು. 1908ರಲ್ಲಿ ಮತ್ತೊಮ್ಮೆ ಹೋದರು. ಭೂತಗನ್ನಡಿ ಮತ್ತು ಛಾಯಾಚಿತ್ರಗಳ ನೆರವಿನಿಂದ, ಹತ್ತನೆಯ ಶತಮಾನದ ಆ ಪ್ರತಿಯನ್ನು ಅಕ್ಷರಕ್ಷರವಾಗಿ ಓದಿದರು.

ಕಳೆದುಹೋಯಿತೆಂದು ಭಾವಿಸಿದ್ದ 'ವಿಧಾನ' ಎಂಬ ಕೃತಿ ಅಲ್ಲಿ ದೊರೆಯಿತು. ಆಕೃತಿಗಳನ್ನು ತೆಳುಪದರಗಳೆಂದು ಕಲ್ಪಿಸಿ, ತಕ್ಕಡಿಯಲ್ಲಿಟ್ಟಂತೆ ತೂಗಿ, ಅವುಗಳ ವಿಸ್ತೀರ್ಣ ಮತ್ತು ಘನಫಲಗಳನ್ನು ಆರ್ಕಿಮಿಡೀಸ್ ಮೊದಲು ಊಹಿಸುತ್ತಿದ್ದನು. ರೇಖಾಗಣಿತದ ಸಾಧನೆಯನ್ನು ಆಮೇಲೆ ಕೊಡುತ್ತಿದ್ದನು. ಪರಿಪೂರ್ಣ ಪ್ರಮೇಯಗಳ ಹಿಂದಿದ್ದ ಹುಡುಕಾಟದ ದಾರಿ ಹೀಗೆ ಬೆಳಕಿಗೆ ಬಂದಿತು. ಲ್ಯಾಟಿನ್ ಅನುವಾದದಿಂದಷ್ಟೇ ತಿಳಿದಿದ್ದ, ತೇಲುವ ವಸ್ತುಗಳನ್ನು ಕುರಿತ ಕೃತಿಯ ಗ್ರೀಕ್ ಮೂಲವೂ ಬಹುಭಾಗ ಸಿಕ್ಕಿತು.

ಹೊಸ ಪಾಠವನ್ನು ಅನುಬಂಧವಾಗಿ ಸೇರಿಸಿದ್ದರೂ ಸಾಕಿತ್ತು. ಆದರೆ ಹೈಬರ್ಗ್ ತಮ್ಮ ಪ್ರಸಿದ್ಧ ಆವೃತ್ತಿಯನ್ನೇ ಮರುಪರಿಶೀಲಿಸಿ, 1910ರಿಂದ 1915ರ ನಡುವೆ ಎರಡನೆಯ ಬಾರಿಗೆ ಪ್ರಕಟಿಸಿದರು. ಅವರ ಪಾಂಡಿತ್ಯಕ್ಕಿಂತಲೂ ಈ ನಿರ್ಧಾರವೇ ನನಗೆ ಹಿರಿದಾಗಿ ಕಾಣುತ್ತದೆ.

ಹೊಲಿಗೆಯಲ್ಲಿ ಮರೆಯಾದ ಸಾಲುಗಳನ್ನು ಅವರು ಓದಲಾಗಲಿಲ್ಲ. ಚಿತ್ರಗಳಿಗೂ ಹೆಚ್ಚು ಗಮನ ಕೊಡಲಿಲ್ಲ. 1928ರಲ್ಲಿ ಅವರು ತೀರಿಕೊಂಡರು. ಕಣ್ಮರೆಯಾಗಿದ್ದ ಹಸ್ತಪ್ರತಿ 1998ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಗಿ, ಬಾಲ್ಟಿಮೋರ್‌ನ ವಾಲ್ಟರ್ಸ್ ವಸ್ತುಸಂಗ್ರಹಾಲಯದಲ್ಲಿ ಆಧುನಿಕ ಚಿತ್ರಣಕ್ಕೊಳಗಾಯಿತು. ಅವರು ಬಿಟ್ಟ ಹಲವು ಸಾಲುಗಳು ಆಗ ಓದಲು ದೊರೆತವು. ಅಷ್ಟರಲ್ಲಿ ಮೂರು ಹಾಳೆಗಳು ಕಾಣೆಯಾಗಿದ್ದವು. ಆ ಹಾಳೆಗಳಿಗೆ ಆಗ ಹೈಬರ್ಗರ ಛಾಯಾಚಿತ್ರಗಳೇ ಆಧಾರವಾಗಿದ್ದವು.