ನಿಸರ್ಗ ವಿಜ್ಞಾನದ ವಿದ್ಯಾರ್ಥಿ: ಜಗದೀಶಚಂದ್ರ ಬೋಸ್

ಭಾರತದ ವಿಜ್ಞಾನ ಚರಿತ್ರೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರ ಹೆಸರು ಎರಡು ಕಾರಣಗಳಿಂದ ಸ್ಮರಣೀಯವಾಗಿದೆ. ವಿದ್ಯುತ್ಕಾಂತ ತರಂಗಗಳನ್ನು ಕುರಿತ ಪ್ರಯೋಗಗಳು ಒಂದಾದರೆ, ಸಸ್ಯಗಳ ಸಂವೇದನೆಯನ್ನು ಕುರಿತ ಶೋಧಗಳು ಮತ್ತೊಂದು. ಪರಸ್ಪರ ದೂರವೆಂದು ತೋರುವ ಈ ಎರಡು ಕ್ಷೇತ್ರಗಳು ಒಬ್ಬ ವ್ಯಕ್ತಿಯಲ್ಲಿ ಕೂಡಿದ ಬಗೆಯನ್ನು ಅರಿಯಬೇಕಾದರೆ ಅವರ ಪದವಿ ವ್ಯಾಸಂಗದ ದಿನಗಳತ್ತ ನೋಡಬೇಕಾಗುತ್ತದೆ.

ಬೋಸರು ಜನಿಸಿದ್ದು 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್‌ಚಂದ್ರರು ಸರ್ಕಾರಿ ಅಧಿಕಾರಿ. ಉಳ್ಳವರ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಬೆಸ್ತರ ಹುಡುಗನೊಬ್ಬನೂ ತಂದೆಯ ಮುಸಲ್ಮಾನ ಸೇವಕನ ಮಗನೂ ಜಗದೀಶನ ಒಡನಾಡಿಗಳಾದರು. ಅವರು ಹೇಳುತ್ತಿದ್ದ ಹಕ್ಕಿ, ಮೃಗ ಹಾಗೂ ಜಲಚರಗಳ ಕಥೆಗಳೇ ಬಾಲಕನ ಪಾಲಿಗೆ ಪ್ರಕೃತಿಯ ಮೊದಲ ಪಾಠಗಳಾದವು.

ಮುಂದೆ ಕಲಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಫೋಂ ಅವರು ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕವೇ ಬೋಧಿಸುತ್ತಿದ್ದರು. ಬೋಸರಲ್ಲಿ ಉಪಕರಣಗಳ ಮೋಹ ಹುಟ್ಟಿದ್ದು ಅಲ್ಲಿ. 1879ರಲ್ಲಿ ಬಿ.ಎ. ಪದವಿ ದೊರೆಯಿತು. ಸಿವಿಲ್ ಸರ್ವಿಸಿನ ಆಸೆಗೆ ತಂದೆ ಒಪ್ಪಲಿಲ್ಲ; ಮಗ ಜನರನ್ನಾಳುವವನಾಗದೆ ವಿದ್ವಾಂಸನಾಗಲಿ ಎಂಬುದು ಅವರ ಹಂಬಲ. ಸಾಲದ ಹೊರೆಯ ನಡುವೆಯೂ ಮಗನನ್ನು 1880ರಲ್ಲಿ ಲಂಡನ್ನಿಗೆ ವೈದ್ಯಶಿಕ್ಷಣಕ್ಕಾಗಿ ಕಳುಹಿಸಿದರು. ಆದರೆ ಮರುಕಳಿಸುತ್ತಿದ್ದ ಜ್ವರ ಅವರನ್ನು ಬಿಡಲಿಲ್ಲ. ಶವಚ್ಛೇದನ ಕೊಠಡಿಯ ದುರ್ವಾಸನೆ ಅದನ್ನು ಉಲ್ಬಣಗೊಳಿಸಿತು. ವೈದ್ಯವಿದ್ಯೆಯನ್ನು ತೊರೆಯುವುದು ಅನಿವಾರ್ಯವಾಯಿತು.

ಈ ಸೋಲೇ ವರವಾಗಿ ಪರಿಣಮಿಸಿದ್ದು ಕೇಂಬ್ರಿಜ್‌ನಲ್ಲಿ. 1882ರಲ್ಲಿ ಕ್ರೈಸ್ಟ್ ಕಾಲೇಜನ್ನು ಸೇರಿ ಅವರು ಆರಿಸಿಕೊಂಡದ್ದು ನಿಸರ್ಗ ವಿಜ್ಞಾನಗಳ ಪದವಿಯನ್ನು. ಒಂದೇ ಶಾಸ್ತ್ರಕ್ಕೆ ಕಟ್ಟುಬೀಳದೆ ಹಲವನ್ನು ಒಟ್ಟಿಗೆ ಅಭ್ಯಸಿಸಲು ಅವಕಾಶವಿದ್ದ ವ್ಯಾಸಂಗಕ್ರಮವದು. ಮೊದಲ ವರ್ಷ ಯಾವ ವಿಷಯದಲ್ಲೂ ನೆಲೆ ನಿಲ್ಲದೆ ಒಂದು ಉಪನ್ಯಾಸ ಮಂದಿರದಿಂದ ಇನ್ನೊಂದಕ್ಕೆ ಅಲೆದರು. ಲಾರ್ಡ್ ರ್‍ಯಾಲೆ ಅವರಿಂದ ಭೌತಶಾಸ್ತ್ರವನ್ನೂ, ಮೈಕೇಲ್ ಫಾಸ್ಟರ್ ಅವರಿಂದ ಜೀವಕ್ರಿಯಾಶಾಸ್ತ್ರವನ್ನೂ, ಸಿಡ್ನಿ ವೈನ್ಸ್ ಹಾಗೂ ಫ್ರಾನ್ಸಿಸ್ ಡಾರ್ವಿನ್ ಅವರಿಂದ ಸಸ್ಯಶಾಸ್ತ್ರವನ್ನೂ ಕೇಳಿದರು. ಹೊರನೋಟಕ್ಕೆ ಅಲೆದಾಟವಾಗಿ ಕಂಡದ್ದು ವಾಸ್ತವದಲ್ಲಿ ಬಿತ್ತನೆಯಾಗಿತ್ತು. 1884ರಲ್ಲಿ ಅವರು ಪದವೀಧರರಾದರು.

1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದಾಗ ಅವರಿಗೆ ಎದುರಾದದ್ದು ಅವಮಾನ. ಯೂರೋಪಿಯನ್ನರ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯರಿಗೆ; ಹಂಗಾಮಿ ನೇಮಕವೆಂದು ಅದರಲ್ಲೂ ಅರ್ಧ. ಬೋಸರು ಪಾಠ ನಿಲ್ಲಿಸಲಿಲ್ಲ, ಸಂಬಳವನ್ನು ಮುಟ್ಟಲಿಲ್ಲ. ಮೂರು ವರ್ಷಗಳ ಈ ಮೌನ ಪ್ರತಿಭಟನೆಗೆ ಸರ್ಕಾರ ಮಣಿದು ಬಾಕಿಯನ್ನೆಲ್ಲ ತೆತ್ತಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು. ಪ್ರಯೋಗಾಲಯವೂ ಇರದಿದ್ದ ಕಾಲೇಜಿನ ಕಿರುಕೋಣೆಯೊಂದರಲ್ಲಿ, ಸ್ಥಳೀಯ ಕುಶಲಕರ್ಮಿಯ ನೆರವಿನಿಂದ ಉಪಕರಣಗಳನ್ನು ರಚಿಸಿ, ಕೆಲವೇ ಮಿಲಿಮೀಟರ್ ಉದ್ದದ ವಿದ್ಯುತ್ಕಾಂತ ತರಂಗಗಳನ್ನು ಉತ್ಪಾದಿಸಿದರು. 1895ರಲ್ಲಿ ಕಲಕತ್ತೆಯ ಪುರಭವನದಲ್ಲಿ, ಗೋಡೆಗಳನ್ನು ಹಾದುಹೋದ ಅದೃಶ್ಯ ತರಂಗಗಳು ಗಂಟೆ ಬಾರಿಸಿದವು, ಸಿಡಿಮದ್ದನ್ನು ಸಿಡಿಸಿದವು.

ತರಂಗಗಳನ್ನು ಗ್ರಹಿಸುವ ಲೋಹದ ಸಾಧನಗಳು ಸತತ ಬಳಕೆಯಿಂದ ಬಳಲಿ, ವಿಶ್ರಾಂತಿಯ ಬಳಿಕ ಚೇತರಿಸಿಕೊಳ್ಳುವುದನ್ನು ಬೋಸರು ಗಮನಿಸಿದರು. ಕೇವಲ ಭೌತಶಾಸ್ತ್ರಜ್ಞನಾಗಿದ್ದವನು ಇದನ್ನು ಉಪಕರಣದ ದೋಷವೆಂದು ಬಗೆದು ಮುಂದೆ ಸಾಗಬಹುದಿತ್ತು. ಫಾಸ್ಟರ್ ಮತ್ತು ವೈನ್ಸ್ ಅವರ ಶಿಷ್ಯನಿಗಾದರೋ ಅದು ಸ್ನಾಯುವಿನ ದಣಿವನ್ನು ನೆನಪಿಸಿತು. ಲೋಹ, ಸಸ್ಯ, ಪ್ರಾಣಿಗಳ ಪ್ರತಿಕ್ರಿಯೆಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಸಾಹಸ ಹೀಗೆ ಆರಂಭವಾಯಿತು. 1901ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ವಿಚಾರವನ್ನು ಮಂಡಿಸಿದಾಗ ಜೀವಕ್ರಿಯಾಶಾಸ್ತ್ರಜ್ಞರು ತಮ್ಮ ಸೀಮೆಯ ಅತಿಕ್ರಮಣವಾಯಿತೆಂಬಂತೆ ವಿರೋಧಿಸಿದರು. ಪ್ರಬಂಧದ ಪ್ರಕಟಣೆ ತಡೆಯಲ್ಪಟ್ಟಿತು. ಆಗ ನೆರವಿಗೆ ಬಂದವರು ಹಳೆಯ ಗುರು ವೈನ್ಸ್. ಅವರು ಅಧ್ಯಕ್ಷರಾಗಿದ್ದ ಲಿನಿಯನ್ ಸೊಸೈಟಿಯಲ್ಲಿ 1902ರಲ್ಲಿ ಬೋಸರಿಗೆ ವೇದಿಕೆ ದೊರೆಯಿತು. ತರಗತಿಯಲ್ಲಿ ತೆರೆದಿದ್ದ ಬಾಗಿಲು ಇಪ್ಪತ್ತು ವರ್ಷಗಳ ಅನಂತರ ಮತ್ತೆ ತೆರೆಯಿತು.

ಸಸ್ಯಗಳ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರುವ ಕ್ರೆಸ್ಕೊಗ್ರಾಫ್ ಅವರ ಕೌಶಲದ ಫಲ. 1917ರಲ್ಲಿ ಅವರು ಬೋಸ್ ವಿಜ್ಞಾನ ಮಂದಿರವನ್ನು ಸ್ಥಾಪಿಸಿದರು. 1920ರಲ್ಲಿ, ಒಮ್ಮೆ ತಡೆದಿದ್ದ ರಾಯಲ್ ಸೊಸೈಟಿಯೇ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅವರ ತೀರ್ಮಾನಗಳೆಲ್ಲವನ್ನೂ ವಿಜ್ಞಾನ ಒಪ್ಪಿದೆಯೆಂದಲ್ಲ; ಸಸ್ಯರಸದ ಆರೋಹಣವನ್ನು ಕುರಿತ ಅವರ ವಾದ ನಿಲ್ಲಲಿಲ್ಲ. ಆದರೆ ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಸಂಚರಿಸುತ್ತವೆಂಬ ಅವರ ಕಾಣ್ಕೆ ಇಂದು ಸ್ವೀಕೃತ ಸತ್ಯ.

1937ರ ನವೆಂಬರ್ 23ರಂದು ಗಿರಿಡಿಹ್‌ನಲ್ಲಿ ಬೋಸರು ನಿಧನರಾದರು. ಪಾಠಶಾಲೆಯ ನುಡಿಯನ್ನು ಅವರು ಮರೆತಿರಲಿಲ್ಲ. ಬಂಗಾಳಿಯಲ್ಲಿ ಬರೆದ 'ಅವ್ಯಕ್ತ' ಎಂಬ ಪ್ರಬಂಧ ಸಂಕಲನ ಅದಕ್ಕೆ ಸಾಕ್ಷಿ. ಶಾಸ್ತ್ರಶಾಸ್ತ್ರಗಳ ನಡುವಣ ಗೋಡೆಗಳು ಮನುಷ್ಯ ಕಟ್ಟಿಕೊಂಡವೇ ಹೊರತು ನಿಸರ್ಗ ಕಟ್ಟಿದವಲ್ಲ ಎಂಬ ಅರಿವನ್ನು ವಿದ್ಯಾರ್ಥಿದೆಸೆಯಲ್ಲಿ ಗಳಿಸಿ, ಅದಕ್ಕಾಗಿ ಬೆಲೆ ತೆತ್ತು ಬಾಳಿದ್ದೇ ಅವರ ಜೀವನದ ಸಾರ್ಥಕ್ಯ.