ಬಲ್ಬ್ ಕಂಡುಹಿಡಿದದ್ದು ಎಡಿಸನ್ ಅಲ್ಲವೇ? ಹಾಗಾದರೆ ಅವರು ಮಾಡಿದ್ದೇನು?

ಹತ್ತು ಸಾವಿರ ಸಲ ಸೋತು ಕೊನೆಗೆ ಬಲ್ಬ್ ಕಂಡುಹಿಡಿದ ಥಾಮಸ್ ಎಡಿಸನ್ ಕಥೆ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಶಾಲೆಯವರು ಬರೆದ ಬೈಗುಳದ ಪತ್ರವನ್ನು ತಾಯಿ ಹೊಗಳಿಕೆಯಾಗಿ ಬದಲಿಸಿ ಓದಿದ ಕಥೆಯೂ ಬಂದಿರಬಹುದು. ಪತ್ರದ ಕಥೆಗೆ ಆಧಾರವಿಲ್ಲ. ಸಾವಿರಗಳ ಲೆಕ್ಕ ಬಲ್ಬಿನದಲ್ಲ, 1900ರ ನಂತರ ಅವರು ಮಾಡಿದ ಬ್ಯಾಟರಿ ಪ್ರಯೋಗಗಳದ್ದು. ಬಲ್ಬನ್ನು ಮೊದಲು ಕಂಡುಹಿಡಿದವರೂ ಅವರಲ್ಲ.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋದದ್ದು ತೀರಾ ಕಡಿಮೆ; ಪಾಠ ಹೇಳಿಕೊಟ್ಟದ್ದು ತಾಯಿಯೇ. ಹುಡುಗನಾಗಿದ್ದಾಗ ರೈಲಿನಲ್ಲಿ ಪೇಪರ್, ಮಿಠಾಯಿ ಮಾರಿದರು. ಆಗಲೇ ಕಿವಿ ಮಂದವಾಗಿತ್ತು. ಆಮೇಲೆ ಟೆಲಿಗ್ರಾಫ್ ಕೆಲಸ. 1876ರಲ್ಲಿ ಮೆನ್ಲೋ ಪಾರ್ಕ್‌ನಲ್ಲಿ ಪ್ರಯೋಗಾಲಯ ಕಟ್ಟಿದರು, ಮರುವರ್ಷವೇ ಫೋನೋಗ್ರಾಫ್‌ನಿಂದ ಹೆಸರಾದರು.

ವಿದ್ಯುತ್ ದೀಪದ ಪ್ರಯತ್ನಗಳು ಅದಕ್ಕೂ ದಶಕಗಳ ಹಿಂದೆಯೇ ಶುರುವಾಗಿದ್ದವು. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಕೂಡ ಅದೇ ಹೊತ್ತಿಗೆ ಇಂಗಾಲದ ತಂತುವಿನ ದೀಪ ಉರಿಸಿ ತೋರಿಸಿದ್ದರು. ಮುಂದೆ ಇಬ್ಬರೂ ಸೇರಿ ಅಲ್ಲಿ ಒಂದೇ ಕಂಪನಿ ನಡೆಸಿದರು. ಎಡಿಸನ್ ಬೇರೆಯಾಗಿ ಕಂಡದ್ದು ಲೆಕ್ಕಾಚಾರದಲ್ಲಿ. ಜನ ಗ್ಯಾಸ್ ದೀಪ ಬಿಟ್ಟು ಬರಬೇಕಾದರೆ ಖರ್ಚು ಅದಕ್ಕಿಂತ ಹೆಚ್ಚಾಗಬಾರದು. ಬೀದಿಯಡಿ ಹೂಳುವ ತಾಮ್ರದ ತಂತಿಯೋ ದುಬಾರಿ. ಬಲ್ಬಿನ ತಂತುವಿಗೆ ರೋಧ ಹೆಚ್ಚಿದ್ದರೆ ಕಡಿಮೆ ಕರೆಂಟ್ ಸಾಕು, ಕರೆಂಟ್ ಕಡಿಮೆಯಾದರೆ ತಂತಿ ಸಣ್ಣದಿದ್ದರೂ ನಡೆಯುತ್ತದೆ. ಹಾಗಾಗಿ ಕೂದಲಿನಂಥ ತೆಳು ತಂತು ಹುಡುಕಿದರು. 1879ರ ಅಕ್ಟೋಬರ್‌ನಲ್ಲಿ ಸುಟ್ಟ ಹತ್ತಿ ನೂಲು ಗಂಟೆಗಟ್ಟಲೆ ಬೆಳಗಿತು. ಆಮೇಲೆ ಜಪಾನಿನ ಬಿದಿರಿನ ತಂತು ಸಾವಿರ ಗಂಟೆ ದಾಟಿತು.

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ಅವರ ವಿದ್ಯುತ್ ಕೇಂದ್ರ ಚಾಲೂ ಆಯಿತು. ಜನರೇಟರ್, ಕೇಬಲ್, ಫ್ಯೂಸ್, ಮೀಟರ್ ಎಲ್ಲವನ್ನೂ ಜೋಡಿಸಿ ಮನೆ ಬಾಗಿಲಿಗೆ ಬೆಳಕು ತಂದದ್ದೇ ಅವರ ನಿಜವಾದ ಸಾಧನೆ ಎನ್ನಬೇಕು. ಹಟವೂ ಅಷ್ಟೇ ಇತ್ತು: ಡಿಸಿ ಕರೆಂಟೇ ಸರಿ ಎಂದು ಎಸಿ ವಿರುದ್ಧ ಅಪಪ್ರಚಾರ ಮಾಡಿ ಸೋತರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಎಸಿ ವಿದ್ಯುತ್ತೇ. ತಮಾಷೆಯೆಂದರೆ, ಅದರ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಎಡಿಸನ್ ಕಂಪನಿ ಇನ್ನೊಂದರೊಡನೆ ವಿಲೀನವಾಗಿ ಹುಟ್ಟಿದ ಜನರಲ್ ಎಲೆಕ್ಟ್ರಿಕ್.

ಎಡಿಸನ್ 1931ರ ಅಕ್ಟೋಬರ್ 18ರಂದು ತೀರಿಕೊಂಡರು. ಅಂತ್ಯಕ್ರಿಯೆಯ ದಿನ ರಾತ್ರಿ ಅಮೆರಿಕದ ಜನ ಸ್ವಲ್ಪ ಹೊತ್ತು ದೀಪ ಆರಿಸಿ ಗೌರವ ಸಲ್ಲಿಸಿದರು.

ಅಷ್ಟರಲ್ಲಿ ಇಂಗಾಲದ ಜಾಗಕ್ಕೆ ಟಂಗ್‌ಸ್ಟನ್ ಬಂದಿತ್ತು, ಕೆಲಸದ ಕ್ರಮ ಮಾತ್ರ ಅದೇ: ತಂತುವನ್ನು ಕೆಂಡದಂತೆ ಕಾಯಿಸುವುದು. ವಿದ್ಯುತ್ತಿನ 90 ಶೇಕಡಾಕ್ಕೂ ಹೆಚ್ಚು ಪಾಲು ಶಾಖವಾಗಿಯೇ ಹೋಗುತ್ತದೆ. ಎಲ್‌ಇಡಿಯಲ್ಲಿ ಕಾಯಿಸುವ ತಂತುವೇ ಇಲ್ಲ. 60 ವಾಟ್‌ನ ಹಳೆ ಬಲ್ಬಿನಷ್ಟು ಬೆಳಕಿಗೆ 9 ವಾಟ್‌ನ ಎಲ್‌ಇಡಿ ಸಾಕು. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ ಅದು 9 ಯೂನಿಟ್, ಇದು ಒಂದೂವರೆಗಿಂತ ಕಡಿಮೆ. ಕೊಳ್ಳುವಾಗ ವಾಟ್ ನೋಡಿ ಬೆಳಕು ಅಳೆಯಬೇಡಿ, ಡಬ್ಬಿಯ ಮೇಲಿನ ಲೂಮೆನ್ ನೋಡಿ.

ಎಡಿಸನ್ ಕಾಲದ ಈ ತಂತು ನಮ್ಮ ಮನೆಗಳಲ್ಲಿ ಇನ್ನೂ ಅಡಗಿರುವುದು ದೇವರ ಮನೆಯ ಕೆಂಪು ಜೀರೋ ಬಲ್ಬಿನಲ್ಲಿ. ಹೆಸರು ಜೀರೋ ಆದರೂ ಹಳೆಯ ಬಗೆಯದು ಸುಮಾರು 15 ವಾಟ್ ಎಳೆಯುತ್ತದೆ. ಹಗಲೂ ರಾತ್ರಿ ಉರಿದರೆ ತಿಂಗಳಿಗೆ 10.8 ಯೂನಿಟ್. ಅದೇ ಜಾಗಕ್ಕೆ ಅರ್ಧ ವಾಟ್‌ನ ಎಲ್‌ಇಡಿ ಹಾಕಿದರೆ 0.36 ಯೂನಿಟ್.