ಡಾ. ಅನುಪಮಾ ನಿರಂಜನ (1934–1991): ಕನ್ನಡ ಕುಟುಂಬಗಳ ವೈದ್ಯೆ, ಲೇಖಕಿ

ವೈದ್ಯರು ಬರೆಯುವ ಔಷಧ ಚೀಟಿ ಒಬ್ಬ ರೋಗಿಗೆ ಮಾತ್ರ ಉಪಯುಕ್ತವಾಗುತ್ತದೆ. ಅವರು ಜನರ ಭಾಷೆಯಲ್ಲಿ ಬರೆಯುವ ಪುಸ್ತಕ ಸಾವಿರಾರು ಮನೆಗಳಿಗೆ ತಲುಪುತ್ತದೆ. ಈ ಮಾತಿಗೆ ಶಿವಮೊಗ್ಗ ಜಿಲ್ಲೆಯು ನಾಡಿಗೆ ನೀಡಿದ ಡಾ. ಅನುಪಮಾ ನಿರಂಜನ ಅವರ ಜೀವನ ಉತ್ತಮ ನಿದರ್ಶನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಅನುಪಮಾ ಅವರು 1934ರ ಮೇ 17ರಂದು ತೀರ್ಥಹಳ್ಳಿಯಲ್ಲಿ ಜನಿಸಿದರು. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಮಲೆನಾಡಿನ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ದುರ್ಲಭವಾಗಿದ್ದ ಆ ದಿನಗಳಲ್ಲಿ ಅವರು ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ವೈದ್ಯಕೀಯ ಪದವಿ ಪಡೆದರು. ಈ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತ್ತು. ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸಂಸ್ಥಾನವು ಆದೇಶ ಹೊರಡಿಸಿದ್ದೂ ಅದೇ 1930ರಲ್ಲಿ. ತಾಯಂದಿರ ಆರೋಗ್ಯದ ವಿಷಯದಲ್ಲಿ ಸಂಸ್ಥಾನಕ್ಕೆ ಇಂತಹ ಹಿನ್ನೆಲೆ ಇದ್ದರೂ ಆ ತಿಳಿವಳಿಕೆಯನ್ನು ಸಾಮಾನ್ಯ ಗೃಹಿಣಿಗೆ ಒದಗಿಸುವ ಕನ್ನಡ ಪುಸ್ತಕಗಳು ವಿರಳವಾಗಿದ್ದವು.

ವೃತ್ತಿ ಮತ್ತು ದಾಂಪತ್ಯ

ಪ್ರಗತಿಶೀಲ ಸಾಹಿತ್ಯ ಚಳವಳಿಯ ಪ್ರಮುಖ ಲೇಖಕರಾದ ನಿರಂಜನ (ಕುಳಕುಂದ ಶಿವರಾಯ) ಅವರನ್ನು ಅನುಪಮಾ ಅವರು ವಿವಾಹವಾದರು. ಧಾರವಾಡ ಹಾಗೂ ಬೆಂಗಳೂರಿನಲ್ಲಿ ವೈದ್ಯ ವೃತ್ತಿ ನಡೆಸಿದರು. ಮುಟ್ಟು, ಗರ್ಭಧಾರಣೆ, ಬಂಜೆತನ ಮುಂತಾದ ವಿಷಯಗಳನ್ನು ಮನೆಯಲ್ಲಿಯೂ ಬಾಯಿಬಿಟ್ಟು ಕೇಳಲು ಸ್ತ್ರೀಯರು ಸಂಕೋಚಪಡುತ್ತಿದ್ದ ಕಾಲವದು. ಅಜ್ಞಾನ ಮತ್ತು ಸಂಕೋಚಗಳಿಂದ ಚಿಕಿತ್ಸೆ ತಡವಾದರೆ ಅದರ ಪರಿಣಾಮವನ್ನು ತಾಯಿ ಮತ್ತು ಶಿಶು ಇಬ್ಬರೂ ಅನುಭವಿಸಬೇಕಾಗುತ್ತದೆ. ಈ ಕೊರತೆಯನ್ನು ನೀಗಿಸಲು ಅವರ ವೈದ್ಯಕೀಯ ಬರವಣಿಗೆ ನೆರವಾಯಿತು.

ವೈದ್ಯಕೀಯ ಕೃತಿಗಳು

ಅವರ ವೈದ್ಯಕೀಯ ಕೃತಿಗಳನ್ನು ಒಟ್ಟಾಗಿ ನೋಡಿದಲ್ಲಿ ಅವು ಹೆಣ್ಣಿನ ಜೀವನದ ಒಂದೊಂದು ಹಂತವನ್ನೂ ಅನುಸರಿಸಿರುವುದು ಕಂಡುಬರುತ್ತದೆ.

1. ಕೇಳು ಕಿಶೋರಿ – ಹದಿಹರೆಯದ ಬಾಲಕಿಯರಿಗೆ ಶರೀರದ ಬದಲಾವಣೆಗಳ ತಿಳಿವಳಿಕೆ.
2. ವಧುವಿಗೆ ಕಿವಿಮಾತು – ವಿವಾಹದ ಹೊಸ್ತಿಲಲ್ಲಿರುವ ಯುವತಿಯರಿಗೆ ಸಲಹೆ.
3. ದಾಂಪತ್ಯ ದೀಪಿಕೆ – ವೈವಾಹಿಕ ಜೀವನಕ್ಕೆ ಸಂಬಂಧಿಸಿದ ಮಾರ್ಗದರ್ಶನ.
4. ತಾಯಿ-ಮಗು – ಗರ್ಭಿಣಿಯ ಆರೈಕೆ, ಹೆರಿಗೆ ಹಾಗೂ ಶಿಶುಪಾಲನೆ.
5. ಕ್ಯಾನ್ಸರ್ ಜಗತ್ತು – ಅರ್ಬುದ ರೋಗದ ಪರಿಚಯ.

ಶಾಸ್ತ್ರದ ವಿಷಯಗಳನ್ನು ಗೃಹಿಣಿಯರಿಗೂ ಅರ್ಥವಾಗುವ ಸರಳ ಕನ್ನಡದಲ್ಲಿ ನಿರೂಪಿಸಿರುವುದು ಈ ಕೃತಿಗಳ ವೈಶಿಷ್ಟ್ಯ. ಓದಬಲ್ಲ ಹೆಣ್ಣುಮಗಳು ತನ್ನ ಶರೀರದ ಬಗ್ಗೆ ತಾನೇ ತಿಳಿದುಕೊಳ್ಳಲು ಇವು ಅವಕಾಶ ಕಲ್ಪಿಸಿದವು. ಬೇರೊಬ್ಬರನ್ನು ಕೇಳುವ ಮುಜುಗರ ಅವಳಿಗೆ ತಪ್ಪಿತು.

ಸೃಜನಶೀಲ ಸಾಹಿತ್ಯ

ಅನುಪಮಾ ಅವರು ಅನೇಕ ಕಾದಂಬರಿ ಹಾಗೂ ಕಥೆಗಳನ್ನು ರಚಿಸಿರುತ್ತಾರೆ. ಮಹಾಭಾರತದ ಯಯಾತಿಯ ಮಗಳು, ಗಾಲವನ ಗುರುದಕ್ಷಿಣೆಯ ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಒಪ್ಪಿಸಲ್ಪಟ್ಟ ಹೆಣ್ಣಿನ ಕಥೆಯೇ ಅವರ ‘ಮಾಧವಿ’ ಕಾದಂಬರಿಯ ವಸ್ತು. ಹೆಣ್ಣಿನ ಶರೀರದ ಮೇಲೆ ಅವಳಿಗೇ ಹಕ್ಕಿಲ್ಲದ ಸ್ಥಿತಿಯನ್ನು ಈ ಕೃತಿ ಪ್ರಶ್ನಿಸುತ್ತದೆ. ಅವರ ವೈದ್ಯಕೀಯ ಕೃತಿಗಳ ಹಿಂದಿನ ಕಾಳಜಿಯೂ ಇದೇ ಎಂಬುದನ್ನು ಗಮನಿಸಬಹುದು. ಅವರ ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಅವರು 1984ರಲ್ಲಿ ಚಲನಚಿತ್ರವಾಗಿ ತೆರೆಗೆ ತಂದರು. ಮಕ್ಕಳಿಗಾಗಿ ರಚಿಸಿದ ‘ದಿನಕ್ಕೊಂದು ಕಥೆ’ ಮಾಲೆ ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿದ್ದು, ಇದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಂದಿದೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಗೌರವಕ್ಕೂ ಅವರು ಪಾತ್ರರಾದರು.

ಕೊನೆಯ ದಿನಗಳು

ಯಾವ ರೋಗದ ಕುರಿತು ಜನರಿಗೆ ತಿಳಿವಳಿಕೆ ನೀಡಲು ಪುಸ್ತಕ ಬರೆದರೋ ಅದೇ ರೋಗಕ್ಕೆ ಅವರೂ ತುತ್ತಾದರು. ಕ್ಯಾನ್ಸರ್ ಎಂಬ ಹೆಸರನ್ನು ಉಚ್ಚರಿಸಲೂ ಜನ ಅಂಜುತ್ತಿದ್ದ ಕಾಲದಲ್ಲಿ ಅದನ್ನು ಕುರಿತು ಕನ್ನಡದಲ್ಲಿ ಮುಕ್ತವಾಗಿ ಬರೆದದ್ದು ಅವರ ಧೈರ್ಯಕ್ಕೆ ಸಾಕ್ಷಿ. ತಮ್ಮ ಬದುಕಿನ ಅನುಭವಗಳನ್ನು ‘ನೆನಪು: ಸಿಹಿ-ಕಹಿ’ ಎಂಬ ಆತ್ಮಕಥನದಲ್ಲಿ ದಾಖಲಿಸಿರುತ್ತಾರೆ. 1991ರ ಫೆಬ್ರವರಿ 15ರಂದು, 56ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಪ್ರಭಾವ

ಅವರ ಕೃತಿಗಳು ಸಂಶೋಧನಾ ಪ್ರಬಂಧಗಳಲ್ಲ. ಆದ್ದರಿಂದ ಅವುಗಳ ಪರಿಣಾಮವನ್ನು ವೈದ್ಯಕೀಯ ಪತ್ರಿಕೆಗಳ ಉಲ್ಲೇಖಗಳಿಂದ ಲೆಕ್ಕ ಹಾಕಲಾಗದು. ಅವು ಮನೆಗಳಲ್ಲಿ ಕೈಯಿಂದ ಕೈಗೆ ಸಾಗಿದ ಪುಸ್ತಕಗಳು. ಡಾ. ಎಚ್. ಗಿರಿಜಮ್ಮ, ಡಾ. ಲೀಲಾವತಿ ದೇವದಾಸ್, ಡಾ. ವಸುಂಧರಾ ಭೂಪತಿ ಮೊದಲಾದ ವೈದ್ಯ ಲೇಖಕಿಯರೂ ಕನ್ನಡದಲ್ಲಿ ಆರೋಗ್ಯ ಸಾಹಿತ್ಯವನ್ನು ರಚಿಸಿ ಈ ಕ್ಷೇತ್ರವನ್ನು ಬೆಳೆಸಿದ್ದಾರೆ. ಕರ್ನಾಟಕ ಲೇಖಕಿಯರ ಸಂಘವು ಅವರ ಹೆಸರಿನಲ್ಲಿ ‘ಅನುಪಮಾ ಪ್ರಶಸ್ತಿ’ಯನ್ನು ಸ್ಥಾಪಿಸಿದೆ.

ಅವರ ಕಾಲದ ನಂತರ ವೈದ್ಯ ವಿಜ್ಞಾನವು ಬಹಳಷ್ಟು ಮುಂದುವರಿದಿದೆ. ಆದುದರಿಂದ ಈ ಪುಸ್ತಕಗಳನ್ನು ಓದುವವರು ಚಿಕಿತ್ಸೆ ಮತ್ತು ಔಷಧಗಳ ವಿಷಯದಲ್ಲಿ ವೈದ್ಯರನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು ಅಗತ್ಯ. ಆದರೆ ಆರೋಗ್ಯದ ಬಗ್ಗೆ ಪ್ರಶ್ನೆ ಕೇಳಲು ಯಾವ ಹೆಣ್ಣುಮಗಳೂ ನಾಚಬೇಕಾಗಿಲ್ಲ ಎಂಬ ಅವರ ನಿಲುವು ಇಂದಿಗೂ ಅನುಸರಣೀಯವಾಗಿದೆ.